ನೇತಾಡುವ ರೈಲಿಗೆ ಮಾವ ಹಾಕಿದ ಬೀಗ

ನಮ್ಮ ಮಾವನನ್ನು ನಂಬಿ ಯಾವ ಯಂತ್ರದೊಳಗಾದರೂ ಧೈರ್ಯವಾಗಿ ಕೈ ಹಾಕಬಹುದು. ಕೈ ಹೊರಗೆ ತೆಗೆದ ಮೇಲೆಯೇ ತಾಪತ್ರಯ ಶುರು!

ಮಾವ ಗಿಣಿಗೇರಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿ ಅವರು ಕಲಿತ ಕಟ್ಟಳೆ ಇಷ್ಟು: ಒಬ್ಬ ಯಂತ್ರದೊಳಗೆ ಇಳಿದರೆ ಜೊತೆಗಾರ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಬೇಕು. ಒಳಗಿನವನು ಬಂದು ತನ್ನ ಬಾಯಿಂದಲೇ “ಹೊರಗ ಬಂದೀನಿ” ಅನ್ನುವವರೆಗೆ ಬೀಗದವನು ಜಾಗ ಬಿಡುವಂತಿಲ್ಲ. ನಿವೃತ್ತರಾದ ಮಾವ ಕಾರ್ಖಾನೆ ಬಿಟ್ಟರು, ಕಟ್ಟಳೆ ಬಿಡಲಿಲ್ಲ!

ಕುಷ್ಟಗಿಯ ಮದುವೆಯೊಂದರಲ್ಲಿ ಅಡಿಗೆಯವನು ರುಬ್ಬುವ ಯಂತ್ರದೊಳಗೆ ಕೈ ಹಾಕಿದ್ದು ಇವರ ಕಣ್ಣಿಗೆ ಬಿತ್ತು. ಓಡಿಹೋಗಿ ಇಡೀ ಮಂಟಪದ ಮೇನ್ ಸ್ವಿಚ್ಚಿಗೇ ಬೀಗ ಜಡಿದರು. ಅಡಿಗೆಯವನು ಚಟ್ನಿ ಬಳಿದುಕೊಂಡು, ಕೈ ತೊಳೆದು, ಎಲ್ಲಿಗೋ ಚಹಾ ಕುಡಿಯಲು ಹೋದ. ಮೇ ತಿಂಗಳು! ಫ್ಯಾನಿಲ್ಲದೆ ಮದುಮಗನ ಬಾಸಿಂಗ ಜಾರಿ ಮೂಗಿಗೆ ಬಂತು.

“ಅಂವಾ ಕೈ ತಗದಿದ್ದು ನಾವ ನೋಡೀವ್ರೀ!” ಎಂದು ಹೆಣ್ಣಿನ ತಂದೆ ಅಂಗಲಾಚಿದರು.

“ನೀವು ನೋಡಿದ್ರ ಆಗಂಗಿಲ್ರಿ. ಅಂವಾ ಬಂದು ಹೇಳ್ಲಿ.”

ಇಂಥವರನ್ನು ಹೋದ ವರ್ಷ ಮನರಂಜನಾ ಪಾರ್ಕಿಗೆ ಕರೆದೊಯ್ದವನು ನಾನೇ. ಡಿಗ್ರಿ ಓದಿದವನ ಬುದ್ಧಿ ನೋಡಿ! ಅಲ್ಲೊಂದು ರೋಲರ್ ಕೋಸ್ಟರ್. ಉಕ್ಕಿನ ಹಳಿ ತಲೆಯ ಮೇಲೆ, ಆಸನ ಅದರ ಕೆಳಗೆ, ಕಾಲು ಗಾಳಿಯಲ್ಲಿ. ಬಾವಲಿಗಳಂತೆ ನೇತಾಡುತ್ತ ಗಿರಕಿ ಹೊಡೆಯಬೇಕು.

“ಉಕ್ಕಿನ ಕೆಲಸ ಛಲೋ ಐತಿ ಅಳಿಯಾ. ಬೆಲ್ಟಿನ ಕೊಂಡಿ ಭಾಳ ಸಡ್ಲ,” ಎಂದರು ಪಕ್ಕದ ಆಸನದಲ್ಲಿದ್ದ ಮಾವ. ಸಿಬ್ಬಂದಿ ಪರೀಕ್ಷಿಸಿ ಆಚೆ ಹೋದದ್ದೇ ತಡ, ಟಕ್! ನನ್ನ ಕೊಂಡಿಗೆ ಬೀಗ ಬಿತ್ತು.

“ಮತ್ತ ನಿಮಗ, ಮಾವಾ?”

“ಇರೋದ ಒಂದ ಬೀಗ. ಸುಮ್ನ ಕುಂದ್ರು.”

ನಾವು ತಲೆಕೆಳಗಾದಾಗ ಅವರ ಜೇಬಿನಿಂದ ಕೀಲಿ ಹಾರಿಹೋದದ್ದನ್ನು ಕಣ್ಣಾರೆ ಕಂಡೆ. ರೈಲು ಮರಳಿ ನಿಂತಿತು, ಎಲ್ಲರೂ ಇಳಿದರು, ನಾನೊಬ್ಬ ಉಳಿದೆ. ಜನ ಮೊಬೈಲು ಹಿಡಿದು ನಕ್ಕರು. ನಾನೂ ನಕ್ಕೆ. ಆಮೇಲೆ ಮಾವನ ಮುಖ ನೋಡಿದೆ. ಬೂದಿಯ ಬಣ್ಣ. ಅಂಗಿ ಬೆವರಿನಲ್ಲಿ ತೊಯ್ದು ಹೋಗಿದೆ. ಕೈ ಎದೆಯ ಮೇಲೆ.

ಆಂಬುಲೆನ್ಸ್ ಬಂತು. ಮಾವ ಕದಲಲಿಲ್ಲ.

“ಹೋಗ್ರಿ ಮಾವಾ, ಕೈ ಮುಗಿತೀನಿ!”

“ನೀ ಇನ್ನಾ ಒಳಗ ಅದಿ.”

“ನಾ ಹೊರಗ ಬಂದೀನ್ರಿ!” ಎಂದು ಕುಳಿತಲ್ಲಿಂದಲೇ ಕೂಗಿದೆ.

“ಸುಳ್ಳ ಹೇಳಾಕ ಕಾಲೇಜಿಗೆ ಹೋಗಿದ್ದೇನಲೇ?”

ಬೀಗ ಕತ್ತರಿಸುವ ಗರಗಸ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಸ್ಟ್ರೆಚರಿನವರು ಎಳೆದಷ್ಟೂ ಮಾವ ನನ್ನ ಆಸನಕ್ಕೆ ಜೋತುಬಿದ್ದರು. ಬೇಗ ಕರೆತಂದಿದ್ದರೆ ಹೃದಯ ಇಷ್ಟು ಹಾಳಾಗುತ್ತಿರಲಿಲ್ಲ ಎಂದರು ವೈದ್ಯರು. ಈಗ ಮಾವ ಅಂಗಳ ದಾಟುವಷ್ಟರಲ್ಲಿ ಎರಡು ಸಲ ಕೂರುತ್ತಾರೆ. ಇನ್ನೆಷ್ಟು ದಿನ ಎಂದು ಕೇಳುವ ಧೈರ್ಯ ನನಗಿಲ್ಲ.

ಕಣ್ಣು ಮುಚ್ಚಿದರೆ ಅದೇ ಮುಕ್ಕಾಲು ಗಂಟೆ. ನನ್ನ ಗಿಡ್ಡ ಕಾಲುಗಳು ನೆಲ ಮುಟ್ಟದೆ ಜೋಮು ಹಿಡಿದಿವೆ. ಮಾವ ನೆಲಕ್ಕೆ ಕುಳಿತು ನನ್ನ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ.

“ಬ್ಯಾಡ್ರಿ ಮಾವಾ, ನೀವು ಹಿರ್ಯಾರು, ಕಾಲು ಬಿಡ್ರಿ.”

“ಇರ್ಲಿ ಬಿಡು, ಜೋಮು ಹಿಡದಾವ,” ಎನ್ನುತ್ತ ಒತ್ತುತ್ತಿದ್ದಾರೆ. ಎದೆ ಹಿಡಿದುಕೊಳ್ಳುವುದನ್ನು ಬಿಟ್ಟು, ಎರಡೂ ಕೈಗಳಿಂದ.