ಮೂಲೆಯಿಂದ ಮೂಲೆಗೆ ನಲವತ್ಮೂರು ಇಂಚು

ಟೇಪು ತಾತ ಟಿ.ವಿ. ನೋಡಿ ಮೂರು ವರ್ಷವಾಗಿತ್ತು. ಮನೆಯಲ್ಲಿ ಟಿ.ವಿ. ಇರಲಿಲ್ಲ ಅಂತಲ್ಲ. ಟಿ.ವಿ. ದಿನವೂ ಹಾಡುತ್ತಿತ್ತು, ತಾತ ದಿನವೂ ಅದರ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆದರೆ ಅವರ ಕಣ್ಣಿಗೆ ಬೀಳುತ್ತಿದ್ದುದು ಹೆಂಡತಿಯ ತುರುಬು ಒಂದೇ. ಅಜ್ಜಿ ಸ್ಟೂಲನ್ನು ಟಿ.ವಿ.ಗೆ ಒಂದು ಗೇಣು ದೂರದಲ್ಲಿ ಎಳೆದುಕೊಂಡು, ಗಾಜಿಗೆ ಮೂಗು ತಾಗಿಸುವಂತೆ ಕೂತರೆ ಮುಗಿಯಿತು. ಒಳಗೆ ನಡೆಯುತ್ತಿರುವುದು ಯುದ್ಧವೋ ಮದುವೆಯೋ ಎಂಬುದನ್ನು ತುರುಬಿನ ಅಂಚಿನಲ್ಲಿ ಏಳುವ ಹೊಗೆ ನೋಡಿ ತಾತ ಊಹಿಸಬೇಕು. ಸುದ್ದಿ ಓದುವವಳ ಒಂದು ಕಿವಿ ಮಾತ್ರ ಅವರಿಗೆ ಪರಿಚಯ. ಅದರ ಓಲೆ ಬದಲಾದರೆ, ಓಹೋ, ಇವತ್ತು ಬೇರೆಯವಳು ಎಂದುಕೊಳ್ಳುತ್ತಿದ್ದರು.

ತಾತ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಅಂಗಡಿ ಮುಚ್ಚಿದರೂ ಕೊರಳಿನ ಅಳತೆ ಟೇಪನ್ನು ತೆಗೆಯದೆ ಇದ್ದುದರಿಂದ ಬೀದಿಗೆಲ್ಲ ಟೇಪು ತಾತ. ಅವರ ಕಣ್ಣಳತೆಯ ಕೀರ್ತಿ ದೊಡ್ಡದು (ಕೀರ್ತಿಯನ್ನು ಹಬ್ಬಿಸಿದವರೂ ಅವರೇ). ಒಮ್ಮೆ ಓಡುವ ರೈಲಿನ ಕಿಟಕಿಯಲ್ಲಿ ಕಂಡ ಒಬ್ಬನ ಅಳತೆಯನ್ನು ಕಣ್ಣಲ್ಲೇ ಹಿಡಿದು, ಕೋಟು ಹೊಲಿದು, ಮುಂದಿನ ಸ್ಟೇಷನ್ನಿಗೆ ಕಳಿಸಿದ್ದರಂತೆ. ಕೋಟು ಹೇಳಿ ಮಾಡಿಸಿದ ಹಾಗೆ ಕೂತಿತಂತೆ. ಒಂದು ಗುಂಡಿ ಮಾತ್ರ ಬಿಗಿ. ಯಾಕೆಂದರೆ ಆಸಾಮಿ ನಡುವೆ ಊಟ ಮಾಡಿಬಿಟ್ಟಿದ್ದ!

ಇಂಥ ಕಥೆಗಳನ್ನು ತಾತ ಸಂಜೆ ಹೊತ್ತು ಆ ತುರುಬಿಗೇ ಹೇಳುತ್ತಿದ್ದರು. ಕಥೆ ಮುಗಿದಾಗ ತುರುಬು ಅಲ್ಲಾಡಿ "ಹೂಂ" ಅನ್ನುತ್ತಿತ್ತು. ತಾತನಿಗೆ ಅಷ್ಟಕ್ಕೇ ಖುಷಿ. ಬೀದಿಯವರು ನಗುತ್ತಾರೆ, ನಡುವೆ ಪ್ರಶ್ನೆ ಹಾಕುತ್ತಾರೆ. ಇವಳೊಬ್ಬಳು ನಂಬುತ್ತಾಳೆ.

ಆದರೂ ಅವರಿಗೊಂದು ಕೊರಗಿತ್ತು. ದುಡಿಯುವ ಕಾಲದಲ್ಲಿ ಅಜ್ಜಿ ತಾತನ ಮಿಷನ್ನಿಗೆ ಒತ್ತಿಕೊಂಡೇ ಕೂತು ಗುಂಡಿ, ಕಾಜಾ ನೋಡಿಕೊಂಡವರು. ಮೈಗೆ ಮೈ ತಾಗುವಷ್ಟು ಹತ್ತಿರವಿದ್ದರೂ ಮಾತಿಗೆ ಬಿಡುವಿರಲಿಲ್ಲ. ಈಗ ಬೇಕಾದಷ್ಟು ಬಿಡುವಿದೆ, ಪಕ್ಕದ ಕುರ್ಚಿ ಮಾತ್ರ ಖಾಲಿ.

"ಲೇ, ಸ್ವಲ್ಪ ಹಿಂದೆ ಬಂದು ನನ್ನ ಪಕ್ಕ ಕೂತ್ಕೋಬಾರ್ದಾ?"

"ಹೂಂ," ಎನ್ನುತ್ತಿತ್ತು ತುರುಬು. ಜಾಗ ಬಿಟ್ಟು ಕದಲುತ್ತಿರಲಿಲ್ಲ.

ತಾತ ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಪಾಪ, ಇವಳ ಕಣ್ಣು ಮಂಜಾಗಿದೆ. ಚಿತ್ರ ಚಿಕ್ಕದು, ಅದಕ್ಕೇ ಮೂಗು ತಾಗಿಸಿ ಕೂರುತ್ತಾಳೆ. (ಮನೆಯಲ್ಲಿ ಸೂಜಿಗೆ ದಾರ ಪೋಣಿಸುವುದು ಈಗಲೂ ಅಜ್ಜಿಯೇ, ಅದೂ ಕನ್ನಡಕವಿಲ್ಲದೆ. ಅದು ಕೈಯ ಅಭ್ಯಾಸ, ಅದಕ್ಕೆ ಕಣ್ಣು ಬೇಡ ಎಂದು ತಾತ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.) ಚಿತ್ರ ದೊಡ್ಡದಾದರೆ ಅವಳು ತಾನಾಗಿಯೇ ಹಿಂದೆ ಸರಿದು ಪಕ್ಕಕ್ಕೆ ಬರುತ್ತಾಳೆ. ಅಷ್ಟರಲ್ಲಿ ಟಿ.ವಿ.ಯ ನಡುಮಧ್ಯೆ ಹಸಿರು ಗೆರೆಯೊಂದು ಹುಟ್ಟಿಕೊಂಡು ಎಲ್ಲರ ಮುಖಕ್ಕೂ ಮೀಸೆ ಬರೆಯತೊಡಗಿದ್ದು ಒಳ್ಳೆಯ ನೆಪವಾಯಿತು.

ದುಡ್ಡು? ತಾತ ಉಳಿಸಿಕೊಂಡಿದ್ದ ಕೊನೆಯ ಮಿಷನ್ನನ್ನು ಮಾರಿದರು. ಅದರಿಂದ ಬಂದದ್ದೇ ಬಜೆಟ್ಟು. ಅದಕ್ಕಿಂತ ಒಂದು ಕಾಸು ಮೇಲಾದರೂ ಮಾರಲು ಮನೆಯಲ್ಲಿ ಇನ್ನೊಂದು ಮಿಷನ್ ಇರಲಿಲ್ಲ.

ಅಂಗಡಿಯ ಗೋಡೆಯ ತುಂಬ ಟಿ.ವಿ.ಗಳು. ಒಂದೇ ಕೆಂಪು ಮೀನು ಎಲ್ಲದರಲ್ಲೂ ಏಕಕಾಲಕ್ಕೆ ಬಾಯಿ ತೆರೆಯುತ್ತಿತ್ತು. ಟೈ ಕಟ್ಟಿದ ಮಾರಾಟಗಾರ ಓಡಿ ಬಂದ. ತಾತ ಮೊದಲು ನೋಡಿದ್ದು ಅವನ ಕಾಲರನ್ನು. ಎಡಗಡೆ ಕಾಲು ಇಂಚು ಮೇಲೆ ಕೂತಿತ್ತು. ಇವನನ್ನು ನಂಬುವಂತಿಲ್ಲ ಎಂದುಕೊಂಡರು.

"ಇದು ಸ್ಮಾರ್ಟ್ ಟಿ.ವಿ. ತಾತ. ನಿಮಗೇನು ಬೇಕು ಅಂತ ಅದೇ ತಿಳ್ಕೊಳ್ಳುತ್ತೆ."

"ಬೇಡಪ್ಪಾ. ಅಂಥದ್ದು ಮನೇಲಿ ಒಂದಿದೆ, ಅದೂ ನನ್ನ ಜೊತೇಲೇ ಬಂದಿದೆ," ಎಂದು ತಿರುಗಿ ನೋಡಿದರೆ ಅಜ್ಜಿಯಿಲ್ಲ!

ಅಜ್ಜಿ ಅಂಗಡಿಯ ನಡುವೆ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದ ಟಿ.ವಿ.ಗಳ ಹಿಂದೆ ಇದ್ದರು. ಒಂದೊಂದರ ಬೆನ್ನಿಗೂ ತಲೆ ಕೊಟ್ಟು, ನಿಂತು, ಮುಂದಿನದಕ್ಕೆ ಹೋಗುತ್ತಿದ್ದರು.

"ಅಜ್ಜೀ, ಚಿತ್ರ ಈ ಕಡೆ ಬರುತ್ತೆ," ಎಂದ ಮಾರಾಟಗಾರ.

"ನೋಡ್ಲಿ ಬಿಡಪ್ಪಾ," ಎಂದರು ತಾತ ಹೆಮ್ಮೆಯಿಂದ. "ದರ್ಜಿ ಹೆಂಡತಿ. ಬಟ್ಟೆ ಚೆನ್ನಾಗಿದೆಯಾ ಅಂತ ಒಳಮಗ್ಗುಲು ತಿರುವಿ ನೋಡಿದ್ರೇನೇ ಅವಳಿಗೆ ಸಮಾಧಾನ."

ಕೊನೆಗೆ ಅಜ್ಜಿ ಮೂಲೆಯಲ್ಲಿದ್ದ ಒಂದು ಪುಟ್ಟ ಟಿ.ವಿ. ಮುಂದೆ ನಿಂತುಬಿಟ್ಟರು. ಇಪ್ಪತ್ನಾಲ್ಕು ಇಂಚಿನದು, ಹಳೆಯ ಮಾದರಿ. ಅಂಗೈಯಗಲದ ಎರಡು ಸ್ಪೀಕರುಗಳು ಮುಂದುಗಡೆಯೇ, ಕೆನ್ನೆ ಉಬ್ಬಿದ ಹಾಗೆ. ಅಂಗಡಿಯವರು ಅದನ್ನು ಮಾರುವ ಆಸೆಯನ್ನೇ ಬಿಟ್ಟಿದ್ದರು.

"ಇದೇ ಇರ್ಲಿ ರೀ," ಎಂದರು ಅಜ್ಜಿ. "ಇದು ಚೆನ್ನಾಗಿದೆ. ದುಡ್ಡೂ ಅರ್ಧ ಉಳಿಯುತ್ತೆ."

ನಲವತ್ತು ವರ್ಷ ಚೂರು ಬಟ್ಟೆ ಜೋಡಿಸಿ ರವಿಕೆ ಹೊಲಿಸಿಕೊಂಡವಳು, ಇವತ್ತೂ ಗಂಡನ ಜೇಬು ನೋಡಿ ಚಿಕ್ಕದನ್ನು ಆರಿಸುತ್ತಿದ್ದಾಳೆ! ತಾತ ಎದೆ ಎರಡು ಇಂಚು ಹಿಗ್ಗಿಸಿ, ಅಜ್ಜಿಯ ಮುಖಕ್ಕೇ ಮುಖ ಕೊಟ್ಟು ಘೋಷಿಸಿದರು:

"ಅದು ಅಂಗೈ ಕನ್ನಡಿ ಕಣೇ! ನಿನಗೆ ನಾನು ಗೋಡೆಯಷ್ಟು ದೊಡ್ಡದು ಕೊಡಿಸ್ತೀನಿ."

"ನನಗೆ ದೊಡ್ಡದು ಬೇಡ ರೀ."

"ನಿನಗೆ ಬೇಕು. ನಿನಗೆ ಗೊತ್ತಿಲ್ಲ ಅಷ್ಟೆ."

ಅಜ್ಜಿ ಏನೋ ಹೇಳಲು ಹೋದರು. ಗಂಡನ ಮುಖದ ಆ ಹಿಗ್ಗು ನೋಡಿ ಪುಟ್ಟ ಟಿ.ವಿ. ಬಿಟ್ಟು ಈಚೆ ಬಂದರು.

ಬಜೆಟ್ಟಿನ ಕಟ್ಟಕಡೆಯ ಕಾಸಿಗೆ ಸರಿಯಾಗಿ ನಲವತ್ಮೂರು ಇಂಚಿನದೊಂದು ಸಿಕ್ಕಿತು. ಬಿಲ್ಲು ಬರೆಯುವ ಮೊದಲು ತಾತ ಕೊರಳಿನ ಟೇಪು ತೆಗೆದು ಟಿ.ವಿ.ಯ ಅಗಲಕ್ಕೆ ಹಿಡಿದರು. ಅಲ್ಲಿಂದ ಅಂಗಡಿಯಲ್ಲಿ ಮಹಾಯುದ್ಧ.

"ಮೂವತ್ತೇಳೂವರೆ! ಐದೂವರೆ ಇಂಚು ಎಲ್ಲಿ ಹೋಯ್ತು?"

"ತಾತ, ಟಿ.ವಿ.ನ ಮೂಲೆಯಿಂದ ಮೂಲೆಗೆ ಅಳೀತಾರೆ. ಓರೆಯಾಗಿ."

"ಓರೆಯಾಗಿ!" ತಾತನ ಧ್ವನಿ ಮಿಷನ್ನಿನ ಸದ್ದಿನ ಮೇಲೆ ಕೂಗಿ ಬೆಳೆದದ್ದು. ಇಡೀ ಅಂಗಡಿ ತಿರುಗಿತು. "ಹಾಗಾದ್ರೆ ನಾನು ಪ್ಯಾಂಟನ್ನ ಬಲ ಸೊಂಟದಿಂದ ಎಡ ಹೆಬ್ಬೆರಳಿಗೆ ಅಳೆದು ಹೊಲಿದಿದ್ರೆ, ನೀನು ಹಾಕ್ಕೊಂಡು ಓಡಾಡ್ತಿದ್ಯಾ? ನಿನ್ನನ್ನ ಓರೆಯಾಗಿ ಅಳೆದ್ರೆ ನೀನೂ ಏಳಡಿ ಇದ್ದೀಯಪ್ಪಾ!"

"ಎಲ್ಲಾ ಕಂಪನಿಗಳೂ ಹಾಗೇ ಅಳೆಯೋದು ತಾತ."

"ಎಲ್ಲಾರೂ ಸೇರಿ ಕತ್ತರಿ ಹಾಕಿದ್ರೆ ಬಟ್ಟೆ ಉದ್ದ ಆಗುತ್ತಾ?"

ಅರ್ಧ ಗಂಟೆಯಾಯಿತು. ಹಿಂದೆ ನಿಂತಿದ್ದ ಗಿರಾಕಿಗಳು ತಾವು ಕೊಳ್ಳಬೇಕಾದ್ದನ್ನು ಗೇಣು ಹಾಕಿ ಅಳೆಯತೊಡಗಿದಾಗ ಮಾರಾಟಗಾರ ಕೈಮುಗಿದ. ಕಳೆದುಹೋದ ಐದೂವರೆ ಇಂಚಿಗೆ ಪರಿಹಾರವಾಗಿ, ಟಿ.ವಿ.ಯನ್ನು ಗೋಡೆಗೆ ತಗುಲಿಸುವ ಕಬ್ಬಿಣದ ಚೌಕಟ್ಟನ್ನು ಪುಕ್ಕಟೆ ಕೊಟ್ಟ. ಹಳೆಯ ಟಿ.ವಿ.ಯನ್ನು ಹೊತ್ತುಕೊಂಡು ಹೋಗಲೂ ಒಪ್ಪಿಕೊಂಡ. ತಾತ ರಾಜ್ಯ ಗೆದ್ದವರಂತೆ ಮನೆಗೆ ಬಂದರು.

ಮರುದಿನ ಸಂಜೆಗೆ ಟಿ.ವಿ. ಗೋಡೆ ಏರಿತು. ತಾತ ಎರಡು ಕುರ್ಚಿಗಳನ್ನು ಅಕ್ಕಪಕ್ಕ ಹಾಕಿ, ಒಂದನ್ನು ತೋರಿಸಿದರು. ಅಜ್ಜಿ ಬಂದು ಕೂತರು. ತಾತನಿಗೆ ಆನಂದವೋ ಆನಂದ. ಪರದೆಯ ಮೇಲೆ ಒಂದು ಮನೆಮಂದಿಯೆಲ್ಲ ಜಗಳವಾಡುತ್ತಿದ್ದರು. ಒಬ್ಬೊಬ್ಬರ ಮೂಗೂ ಮೊಳದುದ್ದ.

ಹತ್ತು ನಿಮಿಷ ಕಳೆಯಿತು. ಅಜ್ಜಿ ಎದ್ದು ಕುರ್ಚಿಯನ್ನು ಮುಂದಕ್ಕೆ ಎಳೆದರು. ಇನ್ನೂ ಮುಂದಕ್ಕೆ. ಗೋಡೆಯವರೆಗೂ ಹೋಗಿ, ಕುರ್ಚಿಯನ್ನು ತಿರುಗಿಸಿ, ಟಿ.ವಿ.ಯ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ತಲೆ ವಾಲಿಸಿ ಅದರ ಬೆನ್ನಿನ ಸಂದಿಗೆ ಬಲಗಿವಿ ಇಟ್ಟರು.

ತಾತ ಗಾಬರಿಯಾಗಿ ಎದ್ದರು. "ಇದೇನೇ ಇದು? ಚಿತ್ರ ಈ ಕಡೆ, ನೀನು ಆ ಕಡೆ!"

"ಇದರ ಬಾಯಿ ಗೋಡೆ ಕಡೆಗಿದೆ ರೀ," ಎಂದರು ಅಜ್ಜಿ. "ಹಳೇದಕ್ಕೆ ಬಾಯಿ ಮುಂದೆ ಇತ್ತು. ಅಂಗಡೀಲಿ ಆ ಚಿಕ್ಕದಕ್ಕೂ ಮುಂದೇನೇ ಇತ್ತು."

"ಕಣ್ಣು ಕಾಣಲ್ಲ ಅಂತ ತಾನೇ ನೀನು ಹತ್ತಿರ ಕೂರ್ತಿದ್ದಿದ್ದು?"

"ಕಣ್ಣಿಗೇನಾಗಿದೆ? ನಿಮ್ಮ ಅಂಗಿ ಎರಡನೇ ಗುಂಡಿ ದಾರ ಬಿಟ್ಟಿದೆ, ಇಲ್ಲಿಂದಲೇ ಕಾಣ್ತಿದೆ. ಕಿವಿ ರೀ. ಎಡಗಡೆದು ಹೋಗೇ ಬಿಟ್ಟಿದೆ. ಬಲಗಡೆದು ಹತ್ತಿರ ಇಟ್ರೆ ಕೇಳುತ್ತೆ."

ತಾತ ಕೂತುಬಿಟ್ಟರು. ಊರಿನ ಸೊಂಟವನ್ನೆಲ್ಲ ಅಳೆದ ಮನುಷ್ಯ. ಮನೆಯಲ್ಲಿದ್ದ ಒಬ್ಬಳನ್ನು ಅಳೆಯುವಾಗ ಟೇಪು ತಲೆಕೆಳಗಾಗಿ ಹಿಡಿದಿದ್ದರು.

"ಮತ್ತೆ ನನ್ನ ಜೊತೆ ಮಾತಾಡ್ತೀಯಲ್ಲ?"

"ಎದುರಿಗಿದ್ರೆ ಬಾಯಿ ನೋಡಿ ತಿಳ್ಕೋತೀನಿ."

"ಅಂದ್ರೆ..." ತಾತನಿಗೆ ಒಂದು ಭಯಂಕರ ಅನುಮಾನ ಬಂತು. "ನಾನು ಹಿಂದೆ ಕೂತು ಅಷ್ಟೊಂದು ಕಥೆ ಹೇಳ್ದೆ. ಎಲ್ಲದಕ್ಕೂ ಹೂಂ ಅಂದ್ಯಲ್ಲ?"

ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಹಳೇ ಟಿ.ವಿ. ಗಾಜಲ್ಲಿ ನಿಮ್ಮ ಮುಖ ಚೂರು ಕಾಣ್ತಿತ್ತು. ಏನು ಹೇಳ್ತಿದ್ದೀರಿ ಅಂತ ಗೊತ್ತಾಗ್ತಿರಲಿಲ್ಲ. ಬಾಯಿ ಅಲ್ಲಾಡೋದು ನಿಂತಾಗ ಹೂಂ ಅಂತಿದ್ದೆ."

ಮೂರು ವರ್ಷದ ಸಾಹಿತ್ಯ ಗಾಳಿಗೆ ಹೋಯಿತು! ಓಡುವ ರೈಲು ಹೋಯಿತು, ಕೋಟು ಹೋಯಿತು.

"ಮೊದಲೇ ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಆ ಕಥೆಗಳನ್ನೇ ಇನ್ನೂ ಜೋರಾಗಿ ಹೇಳ್ತೀರಿ ಅಂತ ಹೆದರಿಕೆ ಆಯ್ತು," ಎಂದು ಅಜ್ಜಿ ನಕ್ಕರು.

ತಾತನಿಗೆ ನಗು ಬರಲಿಲ್ಲ. ಎಡಗಡೆದು ಎಂದಳಲ್ಲ. ದರ್ಜಿ ಅಂಗಡಿಯಲ್ಲಿ ಅವಳು ಕೂರುತ್ತಿದ್ದುದು ಅವರ ಬಲಕ್ಕೆ. ಮಿಷನ್ನಿನ ಚಕ್ರ ಅವಳ ಎಡಗಿವಿಯ ಪಕ್ಕದಲ್ಲೇ ತಿರುಗುತ್ತಿತ್ತು, ಬೆಳಗಿನಿಂದ ಸಂಜೆಯವರೆಗೆ, ನಲವತ್ತು ವರ್ಷ. ಅವಳು ಹೇಳದೆ ಇದ್ದುದಕ್ಕೆ ಬೇರೆ ಕಾರಣವೂ ಇರಬಹುದು. ಅದನ್ನು ಕೇಳುವ ಧೈರ್ಯ ಅವರಿಗಾಗಲಿಲ್ಲ.

"ಹೋಗಲಿ, ಕತೆ ಎಲ್ಲಿಗೆ ಬಂತು ಹೇಳಿ," ಎಂದರು ಅಜ್ಜಿ. "ಇಲ್ಲಿಂದ ನನಗೆ ಚಿತ್ರ ಕಾಣಲ್ಲ. ಈಗ ಬಂದದ್ದು ಯಾರು?"

ತಾತ ಪರದೆ ನೋಡಿದರು. "ಯಾರೋ ಸೊಸೆ ಇರಬೇಕು."

"ಮುಖ ಹೇಗಿದೆ?"

"ಮುಖಕ್ಕೇನು? ಕೆನ್ನೆಯಿಂದ ಕೆನ್ನೆಗೆ ಹದಿನಾಲ್ಕು ಇಂಚು ಬರುತ್ತೆ."

"ಅಯ್ಯೋ, ಅಳತೆ ಅಲ್ಲ ರೀ! ಅಳ್ತಿದ್ದಾಳಾ?"

ತಾತ ನೋಡಿದರು. ಭುಜವೆಷ್ಟು ಕೊರಳೆಷ್ಟು ಎಂದು ಲೆಕ್ಕ ಹಾಕದೆ ಒಂದು ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅವರಿಗೆ ನೆನಪಿರಲಿಲ್ಲ. "ಅಳ್ತಿಲ್ಲ," ಎಂದರು ಮೆಲ್ಲಗೆ. "ಅಳೋದಕ್ಕೆ ಮುಂಚೆ ಇರುತ್ತಲ್ಲ, ಹಾಗಿದ್ದಾಳೆ."

"ಹೌದಾ? ಪಾಪ." ಅಜ್ಜಿಯ ಕಣ್ಣು ತಾತನ ಬಾಯಿಯ ಮೇಲೇ ನೆಟ್ಟಿತ್ತು. ಅಷ್ಟು ಗಮನ ಕೊಟ್ಟು ಆಕೆ ತಮ್ಮನ್ನು ನೋಡಿ ಯಾವ ಕಾಲವಾಯಿತೋ! ತಾತನಿಗೆ ಹುರುಪು ಬಂತು. ಕುರ್ಚಿಯ ತುದಿಗೆ ಸರಿದರು.

"ಓ, ಈಗ ಗಂಡ ಬಂದ! ಸೀದಾ ಅವಳ ಕಾಲಿಗೇ ಬಿದ್ದ ನೋಡು. ಅತ್ತೆ ಮೂರ್ಛೆ ಹೋದ್ರು. ಮಾವ ಅವಮಾನ ತಡೀಲಾರದೆ ಕಿಟಕಿಯಿಂದ ಆಚೆ ಹಾರಿದ್ರು, ಮೂರನೇ ಮಹಡಿ!"

ಅಜ್ಜಿ ಕಿವಿಯನ್ನು ಟಿ.ವಿ.ಯ ಸಂದಿಯಿಂದ ಕದಲಿಸಲಿಲ್ಲ.

"ಮಾವ ಈಗಷ್ಟೇ ಇನ್ನೊಂದು ಲೋಟ ಕಾಫಿ ಕೇಳಿದ್ರಲ್ಲ," ಎಂದರು. "ಹಾರ್ತಾ ಹಾರ್ತಾ ಕೇಳಿದ್ರಾ?"

ತಾತ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪರದೆಯನ್ನು ಸರಿಯಾಗಿ ನೋಡಿದರು.

"ಇಲ್ಲ," ಎಂದರು. "ಸೋಫಾ ಮೇಲೆ ಕೂತಿದ್ದಾರೆ."