ಕಾಳವ್ವನನ್ನು ಕಾಳಮ್ಮ ಮಾಡಿದ ಓರೆಯಕ್ಷರಕ್ಕೆ

ಸಕಲ ಲಗ್ನಪತ್ರಿಕೆಗಳ ಶಿರೋಭೂಷಣರೂ, ಸನ್ಮಾನಪತ್ರಗಳ ಸಾರ್ವಭೌಮರೂ, ಸದಾ ಬಲಕ್ಕೆ ವಾಲಿಯೇ ನಿಲ್ಲುವವರೂ ಆದ ಶ್ರೀ ರಾಜವೈಭವ ಓರೆಯಕ್ಷರ ಅವರ ಸನ್ನಿಧಿಗೆ, ತಿಕೋಟಾದ ವಯಸ್ಕರ ಸಾಲೆಯ ಶಿಕ್ಷಕಿ ವಿದ್ಯಾವತಿ ಕತ್ತು ಓರೆ ಮಾಡಿಕೊಂಡು ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಸೌಂದರ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ. ವಿಜಯಪುರದ ಸ್ಟೇಷನ್ ರಸ್ತೆಯ ಛಾಪಖಾನೆಯಲ್ಲಿ ತಮ್ಮ ಬಾಲ, ಬಳುಕು, ಕೊಂಡಿಗಳನ್ನು ಕಂಡು ಎಷ್ಟೋ ಸಲ ಬೆರಗಾಗಿದ್ದೇನೆ. ಲಗ್ನಪತ್ರಿಕೆಯಲ್ಲಿ ತಾವು ಎಷ್ಟು ಬಳುಕಿದರೂ ನಡೆಯುತ್ತದೆ, ಏಕೆಂದರೆ ಅದನ್ನು ಓದುವವರಾರು? ಊಟ ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ನಮ್ಮ ಜನ ಫೋನಿನಲ್ಲೇ ಕೇಳಿಕೊಳ್ಳುತ್ತಾರೆ.

ಆದರೆ ಹೋದ ತಿಂಗಳು ತಾವು ಕಾಳವ್ವನ ಪ್ರಮಾಣಪತ್ರದ ಮೇಲೆ ದಯಮಾಡಿಸಿದಿರಿ. ಕಾಳವ್ವ ಅರವತ್ತೆರಡರ ಹೆಂಗಸು. ಒಣದ್ರಾಕ್ಷಿಯೊಳಗಿನ ಕಡ್ಡಿ ಆರಿಸುವ ಕೂಲಿ ಮುಗಿಸಿ ಬಂದು, ನನ್ನೆದುರು ಪಾಟಿ ಬಳಪ ಹಿಡಿದು ಕುಳಿತು, ಎಂಟು ತಿಂಗಳಲ್ಲಿ ಓದಲು ಬರೆಯಲು ಕಲಿತವಳು. ಬಬಲೇಶ್ವರದ ಸಮಾರಂಭದಲ್ಲಿ ಅತಿಥಿಗಳು ಅವಳಿಗೆ ಪ್ರಮಾಣಪತ್ರ ಕೊಟ್ಟು, ಹೆಸರನ್ನು ಮೈಕಿನಲ್ಲಿ ಓದಲು ಹೇಳಿದರು. ತಾವೋ ‘ವ್ವ’ದ ಬಾಲವನ್ನು ಮೇಲಕ್ಕೆ ಸುತ್ತಿ, ಅದಕ್ಕೊಂದು ಕೊಂಡಿ ತೊಡಿಸಿ, ‘ಮ್ಮ’ ಮಾಡಿ ಕೂರಿಸಿದ್ದಿರಿ. ನಮ್ಮ ಕಡೆಯ ಅವ್ವನನ್ನು ಒಂದೇ ಬಳುಕಿನಲ್ಲಿ ತುಂಗಭದ್ರೆ ದಾಟಿಸಿ ಅಮ್ಮನನ್ನಾಗಿಸುವ ತಮ್ಮ ವೇಗ ಯಾವ ರೈಲಿಗೂ ಇಲ್ಲ.

“ಇದು ಕಾಳಮ್ಮಂದ ಐತ್ರಿ, ನಾ ಕಾಳವ್ವ. ಅಕಿಗೇ ಕೊಡ್ರಿ,” ಎಂದು ಅವಳು ಅದನ್ನು ತಿರುಗಿ ಕೊಟ್ಟಳು. ಸಭೆ ಗೊಳ್ಳೆಂದಿತು. ಅತಿಥಿಗಳು ಕೈಯಲ್ಲಿದ್ದ ಯಾದಿ ನೋಡಿ, “ಕಾಳವ್ವ ಅಂತನ ಐತಬೇ, ನಿನಗ ಇನ್ನೂ ಓದಾಕ ಬರವಲ್ದು,” ಎಂದು ತೀರ್ಪು ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು, ಹಾಗೆನ್ನುವುದು ಪಾಪ ಕಾಳವ್ವನಿಗೆ ಹೊಳೆಯಲಿಲ್ಲ. ಮರುದಿನ ಪಾಟಿ ತಂದು ನನ್ನ ಮೇಜಿನ ಮೇಲಿಟ್ಟು, “ನನ್ನ ಹೆಸರ ನನಗ ಓದಾಕ ಬರವಲ್ದಂದ್ರ ಇನ್ನೇನ ಕಲೀಲ್ರಿ ಅಕ್ಕೋರ,” ಎಂದು ಹೋದವಳು ಮೂರು ವಾರ ಸಾಲೆಯ ಕಡೆ ಸುಳಿಯಲಿಲ್ಲ. ಎಂಟು ತಿಂಗಳ ಕಲಿಕೆಯನ್ನು ಒಂದು ಬಾಲದಿಂದ ಗುಡಿಸಿ ಹಾಕಿದಿರಲ್ಲ, ಹೊಟ್ಟೆ ಉರಿಯುತ್ತದೆ ಮಾನ್ಯರೇ!

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ತಾವು ಒನಪು ಒಯ್ಯಾರಗಳನ್ನು ಛಾಪಖಾನೆಯಲ್ಲೇ ಬಿಟ್ಟು, ಬಸ್ಸು ಹತ್ತಿ ತಿಕೋಟಾಕ್ಕೆ ಬರಬೇಕು. ದಾರಿಯುದ್ದಕ್ಕೂ ವಾಲಿಸುವ ಕೆಲಸವನ್ನು ಬಸ್ಸೇ ನೋಡಿಕೊಳ್ಳುತ್ತದೆ. ಕಾಳವ್ವನ ಮನೆ ಮುಂದೆ, ಜನ್ಮದಲ್ಲಿ ಒಮ್ಮೆಯಾದರೂ ನೆಟ್ಟಗೆ ನಿಂತು, ತಪ್ಪು ಓದಿದ್ದು ಅವಳಲ್ಲ, ತಪ್ಪಾಗಿ ನಿಂತದ್ದು ತಾವು ಎಂದು ಒಪ್ಪಿಕೊಳ್ಳಬೇಕು. ಸೊಂಟ ಹಿಡಿದುಕೊಂಡರೆ ಎಣ್ಣೆ ತಿಕ್ಕಿಸುವ ವ್ಯವಸ್ಥೆ ನನ್ನದು.

ನೆಟ್ಟಗೆ ಬರೆಯಲು ಕಲಿಸಿದ ತಪ್ಪಿಗೆ ತಲೆಬಾಗುವ,
ತಮ್ಮ ವಿಶ್ವಾಸಿ,
ವಿದ್ಯಾವತಿ

ತಾ.ಕ.: ತಾವು ಬರುವುದು ತಡವಾದೀತೆಂದು ನಿನ್ನೆ ನಾನೇ, ಸಮಾರಂಭದಲ್ಲಿ ಎತ್ತಿಟ್ಟುಕೊಂಡಿದ್ದ ಪ್ರಮಾಣಪತ್ರವನ್ನೂ ಪಾಟಿಯನ್ನೂ ಕಾಳವ್ವನ ಮನೆಗೆ ಒಯ್ದು, ಅತಿಥಿಗಳು ಅಂದು ಓದಿದ್ದು ತಮ್ಮನ್ನಲ್ಲ, ಯಾದಿಯನ್ನು ಎಂದು ತಿಳಿಸಿದೆ. ಅವಳು ತಮ್ಮನ್ನೇ ಬಹಳ ಹೊತ್ತು ದಿಟ್ಟಿಸಿದಳು. ಪಾಟಿಯ ಮೇಲೆ ಒಂದು ‘ವ’, ಪಕ್ಕದಲ್ಲಿ ಒಂದು ‘ಮ’ ಬರೆದು ನೋಡಿದಳು. ಆಮೇಲೆ, “ಪಾಪ, ಇದಕ್ಕ ಯಾರೂ ಸಾಲಿ ಕಲಿಸಿಲ್ಲ. ನಾಳಿಂದ ನನ್ನ ಬಾಜೂಕ ಕುಂಡ್ರಸ್ರಿ ಅಕ್ಕೋರ, ನಾ ತಿದ್ದಸ್ತೀನಿ,” ಎಂದಳು. ಬರುವಾಗ ತಮ್ಮ ಪಾಟಿ ತಾವೇ ತರತಕ್ಕದ್ದು.