ಸೇತುವೆ ಕಾಯೋನಿಗೆ ಸೇತುವೆ ದಾಟೋ ಯೋಗ

ಸುಮ್ಮನೆ ಒಂದು ಕಡೆ ನಿಂತುಕೊಳ್ಳೋ ಕೆಲಸದಲ್ಲಿ ಏನು ಫಜೀತಿ ಆಗುತ್ತೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಫಜೀತಿಗಳಿಗೆ ನನ್ನ ವಿಳಾಸ ಗೊತ್ತು. ಮೂವತ್ತು ವರ್ಷ ಯಶವಂತಪುರ–ಯಲಹಂಕ ರೂಟಲ್ಲಿ ಸಿಟಿ ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದೆ. ಎರಡು ತಿಂಗಳು ಮನೇಲಿ ಕೂತೆ. ಮೂರನೇ ತಿಂಗಳು ಹೆಂಡತಿ, "ಎಲ್ಲಾದ್ರೂ ಹೋಗಿ ನಿಂತ್ಕೊಳ್ರೀ, ಪುಣ್ಯ ಬರುತ್ತೆ" ಅಂದಳು. ದೇವರು ಅವಳ ಮಾತನ್ನ ಅಕ್ಷರಶಃ ನಡೆಸಿಕೊಟ್ಟ. ಕೊಡಿಗೇಹಳ್ಳಿ ಪಕ್ಕದ ನಮ್ಮ ಕೆರೆಗೆ ಹೊಸದಾಗಿ ಕಟ್ಟಿದ ಕಾಲುಸೇತುವೆಗೆ ಕಾವಲುಗಾರ ಬೇಕಾಗಿತ್ತು, ಕೆಲಸ ನನಗೆ ಸಿಕ್ತು.

ಸೇತುವೆ ಅಂತಿಂಥದ್ದಲ್ಲ. ಬೆಳ್ಳನೆ ಕಮಾನು, ಅದರಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು, ನಟ್ಟನಡುವೆ ಗಾಜಿನ ನೆಲ, ಕೆಳಗೆ ನೀರು. ದಡದ ತುಂಬ ಹೊಸ ಕಾಫಿ ಅಂಗಡಿಗಳು. ಆರ್.ಟಿ. ನಗರ, ಗೊರಗುಂಟೆಪಾಳ್ಯದಿಂದೆಲ್ಲ ಜನ ಬಂದು ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಅಂಥ ಸೇತುವೆಯ ಈ ಕಡೆ ಗೇಟಿಗೆ ನಾನು ಕಾವಲು.

ಒಂದೇ ಒಂದು ತೊಂದರೆ. ನನಗೆ ಆ ಸೇತುವೆ ಅಂದ್ರೆ ಜೀವಭಯ.

ನಗಬೇಡಿ. ಓಡೋ ಬಸ್ಸಲ್ಲಿ ಕೈ ಬಿಟ್ಟು ನಿಂತು ಟಿಕೆಟ್ ಹರಿದವನು ನಾನು. ತಗಡಿನ ತೂತಲ್ಲಿ ಕೆಳಗೆ ರಸ್ತೆ ಓಡೋದು ಕಂಡರೂ ಅಂಜಿದವನಲ್ಲ. ರಸ್ತೆಯಲ್ಲಿ ಮನುಷ್ಯ ಮುಳುಗಲ್ಲವಲ್ಲ, ಹೆಬ್ಬಾಳದ ಮಳೆಗಾಲ ಒಂದು ಬಿಟ್ಟು. ಈ ಸೇತುವೆಯೋ, ಕಾಲಿಟ್ಟರೆ ಸಣ್ಣಗೆ ತೂಗುತ್ತೆ. ಮೊದಲ ದಿನ ಹತ್ತು ಹೆಜ್ಜೆ ಹೋದೆ, ಮೂರೇ ಹೆಜ್ಜೇಲಿ ವಾಪಸ್ ಬಂದೆ. ಹೆಂಡತಿಗೆ ಹೇಳಿದರೆ, "ಸೇತುವೆಗೆ ಹೆದರೋ ಕಾವಲುಗಾರನ್ನ ಯಾರ್ ಇಟ್ಕೋತಾರೆ? ಬಾಯಿ ಬಿಟ್ರೋ, ಕೆಲಸ ಹೋಯ್ತು" ಅಂದಳು. ಬಾಯಿ ಬಿಡಲಿಲ್ಲ.

ಒಂದು ವಿಶಲ್, ಎರಡು ವಿಶಲ್

ಮೊದಲ ಭಾನುವಾರ ಸೇತುವೆ ತುಂಬ ಜನ. ನಡುವೆ ಕಾಲೇಜು ಹುಡುಗರಿಬ್ಬರು ಕಂಬಿ ಹತ್ತಿ, "ಮಗಾ, ತೆಗಿಯೋ ಬೇಗ" ಅಂತ ಫೋಟೋಗೆ ನಿಂತಿದ್ದರು. ಹೋಗಿ ಇಳಿಸೋಣ ಅಂದ್ರೆ ನಾನು ಹೋಗಬೇಕಲ್ಲ! ಗೇಟಲ್ಲೇ ನಿಂತು ಉದ್ದಕ್ಕೆ ಒಂದು ವಿಶಲ್ ಊದಿದೆ. ಹುಡುಗರು ಇಳಿದರು. ಆದರೆ ಅದೇ ಹೊತ್ತಿಗೆ ಸೇತುವೆ ದಾಟುತ್ತಿದ್ದ ಬಿಳಿಗಡ್ಡದ ಹಿರಿಯರೊಬ್ಬರು ಗಕ್ಕನೆ ನಿಂತುಬಿಟ್ಟರು. ಹಿಂದಿನವರು ಅವರಿಗೆ ಡಿಕ್ಕಿ, ಅವರ ಹಿಂದಿನವರು ಇವರಿಗೆ ಡಿಕ್ಕಿ. "ನಡೀರಿ ಯಜಮಾನ್ರೇ!" ಅಂತ ಜನ ಕೂಗಿದರೂ ಆಸಾಮಿ ಅಲ್ಲಾಡಲಿಲ್ಲ.

"ಯಾಕ್ ಸಾರ್ ನಿಂತ್ರಿ?" ಅಂತ ಗೇಟಿಂದಲೇ ಕೂಗಿದೆ.

"ಅರೇ ಭಾಯ್, ಸಿಂಗಲ್ ವಿಶಲ್ ಕೊಟ್ಟಿದ್ದು ನೀವೇ ಅಲ್ವಾ? ಡಬಲ್ ಕೊಡ್ದೆ ಗಾಡಿ ಹೆಂಗ್ ತೆಗೀಲಿ?"

ನೋಡಿದರೆ ನಮ್ಮದೇ ಕುಲ. ಆರ್.ಟಿ. ನಗರದ ಸಾಹೇಬರು, ಸಿಟಿ ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಒಂದು ವಿಶಲ್ ಅಂದ್ರೆ ನಿಲ್ಸು, ಎರಡು ಅಂದ್ರೆ ಹೊರಡು, ಅದು ಅವರ ಮೂಳೆಗೇ ಇಳಿದಿತ್ತು. ಡಬಲ್ ವಿಶಲ್ ಕೊಟ್ಟೆ. ಹೊರಟರು. ಹೊರಡುವ ಮುಂಚೆ ಬಲಗೈ ಹೊರಗೆ ಚಾಚಿ ಸಿಗ್ನಲ್ ಬೇರೆ ತೋರಿಸಿದರು.

ದೇವರಿಲ್ಲದ ಗುಡಿ

ಆಯುಧಪೂಜೆ ಬಂತು. ಮೂವತ್ತು ವರ್ಷ ಬಸ್ಸಿಗೆ ಪೂಜೆ ಮಾಡಿದ ಕೈ, ಸೇತುವೆಗೆ ಮಾಡದೆ ಬಿಟ್ಟೀತೇ? ಹೆದರಿಕೆ ಬೇರೆ, ಅನ್ನ ಕೊಡೋ ತಾಯಿ ಬೇರೆ. ಗೇಟು ತೊಳೆದೆ, ಬಾಳೆಕಂದು ಕಟ್ಟಿದೆ, ಮಾವಿನ ತೋರಣ ಹಾಕಿದೆ, ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟೆ, ಬೂದುಗುಂಬಳಕಾಯಿ ಒಡೆದೆ.

ಯಲಹಂಕದ ಆಚೆಯಿಂದ ಬಂದಿದ್ದ ಅಜ್ಜಿಯೊಬ್ಬರು ಚಪ್ಪಲಿ ಕಳಚಿ, "ಇಲ್ಲೇ ಬುಡ್ಲಾ ಸೋಮಿ?" ಅಂದರು. ಕಾಲು ಉರಿಯೋ ಏನೋ ಅಂದ್ಕೊಂಡು "ಬಿಡಿ ಅಜ್ಜಿ" ಅಂದೆ. ಅಜ್ಜಿ ಚಪ್ಪಲಿ ನೋಡಿ ಹಿಂದಿನವರೂ ಬಿಟ್ಟರು. ಅವರದು ನೋಡಿ ಅವರ ಹಿಂದಿನವರು. ಅರ್ಧ ಗಂಟೇಲಿ ಅಲ್ಲಿ ಚಪ್ಪಲಿ ಗುಡ್ಡೆ. ಒಬ್ಬರಂತೂ ಟೋಕನ್ ಕೇಳಿದರು.

ಅಷ್ಟೂ ಜನ ದಾಟಿ ಆ ಕಡೆ ಗೇಟಲ್ಲಿ ಇಳಿದರು. ಮಟಮಟ ಮಧ್ಯಾಹ್ನ. ಆ ಕಡೆಯಿಂದ ನಮ್ಮ ಸೂಪರ್‌ವೈಸರ್ ಫೋನು: "ಸೇತುವೆ ಕಾದ ಕಾವಲಿ ಆಗಿದೆ ಕಣ್ರೀ, ಬರಿಗಾಲಲ್ಲಿ ಒಬ್ರೂ ವಾಪಸ್ ಬರಲ್ಲ ಅಂತಿದಾರೆ. ಚಪ್ಪಲಿ ತಗೊಂಡು ಬನ್ನಿ. ಐದು ನಿಮಿಷದ ಕೆಲಸ."

ಅವರಿಗೆ ಐದು ನಿಮಿಷ. ನಾನು ಚಪ್ಪಲಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ತಲೆ ಮೇಲೆ ಹೊತ್ತು, ಇಡೀ ಕೆರೆ ಸುತ್ತಿ ಮುಕ್ಕಾಲು ಗಂಟೆಗೆ ತಲುಪಿದೆ. ಜನ ಮರದ ನೆರಳಲ್ಲಿ ಒಂಟಿಕಾಲಲ್ಲಿ ನಿಂತಿದ್ದರು. ಅಜ್ಜಿ ಮಾತ್ರ ಕೋಪ ಮಾಡ್ಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಗುಡಿ ಬಲೇ ಚೆಂದಾಗೈತೆ ಸೋಮಿ. ಆದ್ರೆ ಎಷ್ಟು ಉಡುಕಿದ್ರೂ ದ್ಯಾವ್ರೇ ಸಿಗ್ನಿಲ್ವಲ್ಲ" ಅಂದರು.

ಮೂಟೆ ವ್ಯಾಯಾಮ

ಇನ್ನೊಂದು ಸಂಕಟ ಹೇಳಲಿಲ್ಲ. ನಮ್ಮ ಹಾಜರಿ ಪುಸ್ತಕ ಇರೋದು ಆ ಕಡೆ ಗೇಟಲ್ಲಿ. ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ. ಉಳಿದವರು ಸೇತುವೆ ಮೇಲೆ ಹೋಗಿ ಗೀಚಿ ಬರ್ತಾರೆ. ನಾನು ಎರಡು ಹೊತ್ತೂ ಕೆರೆ ಪ್ರದಕ್ಷಿಣೆ.

ಕೆರೆ ವಾಕಿಂಗ್ ಸಂಘದ ಅಧ್ಯಕ್ಷರು ಬ್ಯಾಟರಾಯನಪುರದ ಹಳೇ ಬೇಸಾಯದ ಮನೆತನದವರು. ಈಗ ಅದೇ ಹೊಲದಲ್ಲಿ ಅಪಾರ್ಟ್‌ಮೆಂಟ್ ಬೆಳೀತಾರೆ. ಹೊಟ್ಟೆಯೂ ಅದಕ್ಕೆ ತಕ್ಕ ಹಾಗೆ. ಅವತ್ತು ಚಪ್ಪಲಿ ಮೂಟೆ ಹೊತ್ತು ದಾಪುಗಾಲು ಹಾಕ್ತಿದ್ದ ನನ್ನ ನೋಡಿ, "ಏನ್ ಗುರು, ವೇಟ್ ಟ್ರೈನಿಂಗಾ?" ಅಂದರು. ನಿಜ ಹೇಳೋ ಹಾಗಿಲ್ಲ. "ಹೂಂ" ಅಂದೆ.

ಮಾರನೇ ದಿನದಿಂದ ಅವರು ನನ್ನ ಹಿಂದೆ. ವಾರ ಕಳೆಯೋದ್ರೊಳಗೆ ಸಂಘವೇ ನನ್ನ ಹಿಂದೆ. "ಊಟ ಏನ್ ಮಾಡ್ತೀರಾ?" ಅಂದರು. "ಮುದ್ದೆ, ಸೊಪ್ಪಿನ ಸಾರು" ಅಂದೆ. ಎಲ್ಲರ ಮನೇಲೂ ಮುದ್ದೆ, ಸೊಪ್ಪಿನ ಸಾರು. ಅವರ ಹೆಂಡತಿಯರು ನನಗೆ ಏನೇನು ಶಾಪ ಹಾಕಿದರೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಅಧ್ಯಕ್ಷರ ತಲೆ ಮೇಲೂ ಹತ್ತು ಕೆಜಿ ಮೂಟೆ. ಏನಿದು ಅಂದರೆ, "ರಾಗಿ! ನಿಮ್ ವ್ಯಾಯಾಮಾನೂ ಆಯ್ತು, ಬರ್ತಾ ಮಿಲ್ಲಿಗೆ ಹಾಕ್ದಂಗೂ ಆಯ್ತು" ಅಂದರು.

ಪೇಟ

ಮೂರು ತಿಂಗಳಾದ ಮೇಲೆ ಅಧ್ಯಕ್ಷರು ನನ್ನ ಗೇಟಿಗೆ ಬಂದರು. "ಶುಗರ್ ಇಳೀತು ಕಣ್ರೀ. ಡಾಕ್ಟ್ರೇ ಬೆರಗಾದ್ರು. ಎಲ್ಲ ನಿಮ್ಮಿಂದ. ಭಾನುವಾರ ನಿಮಗೆ ಸನ್ಮಾನ. ಆ ಕಡೆ ಗೇಟಲ್ಲಿ ಶಾಮಿಯಾನ."

"ಅಯ್ಯೋ, ಯಾಕ್ ಸಾರ್... ಆಗಲಿ, ಬೆಳಿಗ್ಗೇನೇ ಸುತ್ತಿ ಬಂದು ಕೂತಿರ್ತೀನಿ" ಅಂದೆ.

"ಛೆ ಛೆ! ಇಲ್ಲೇ ಶಾಲು ಹೊದಿಸಿ, ಪೇಟ ಹಾಕಿ, ಓಲಗದ ಜೊತೆ ಸೇತುವೆ ಮೇಲೇ ಮೆರವಣಿಗೆ."

ಮನೆಗೆ ಹೋಗಿ ಎಲ್ಲ ಹೇಳಿದೆ. ಹೆಂಡತಿ "ಜ್ವರ ಅನ್ನಿ" ಅಂದಳು. ಆದರೆ ಸೂಪರ್‌ವೈಸರ್ ವೇದಿಕೆ ಮೇಲೆ ಕಾಯ್ತಿರ್ತಾರೆ, ಅಷ್ಟು ಜನ ಪ್ರೀತಿಯಿಂದ ಕರೆದಿದಾರೆ. ಸೇತುವೆ ನಡುವೆ ಕೂತು ಅತ್ತರೆ ಇಷ್ಟು ದಿನ ಕಾಪಾಡಿಕೊಂಡಿದ್ದ ಕೆಲಸ ಹೋಯ್ತು, ಹೋಗದೆ ಇದ್ದರೆ ಮಾನ ಹೋಯ್ತು. ಹೋಗೋದೇ ಅಂತ ಹೊರಟೆ.

ಭಾನುವಾರ ಗೇಟಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಪೇಟ. ಅದು ತಲೆ ಮೇಲೆ ನಿಲ್ಲಲಿಲ್ಲ, ಸೀದಾ ಇಳಿದು ಮೂಗಿನ ಮೇಲೆ ಕೂತಿತು. "ಸಾರ್, ದೊಡ್ಡದಾಯ್ತು, ಏನೂ ಕಾಣ್ತಿಲ್ಲ" ಅಂದೆ. "ಇರ್ಲಿ ಬಿಡಿ" ಅಂದರು ಅಧ್ಯಕ್ಷರು. ಯಾರೋ ನನ್ನ ಮೊಣಕೈ ಹಿಡಿದರು. ಆ ವಿಶಲ್ ದಿನದಿಂದ ಗೇಟಲ್ಲಿ ಹಳೇ ರೂಟಿನ ಹರಟೆಗೆ ಸಿಗುತ್ತಿದ್ದ ಡ್ರೈವರ್ ಸಾಹೇಬರ ದನಿ: "ಕಂಡಕ್ಟರ್ ಸಾಬ್, ಇವತ್ತು ಗಾಡಿ ನಾನ್ ಓಡಿಸ್ತೀನಿ. ನೀವು ರೈಟ್ ಅನ್ನಿ, ಸಾಕು."

ಡಬಲ್ ವಿಶಲ್ ಊದಿದೆ. ಓಲಗ ಶುರುವಾಯ್ತು. ಕತ್ತಲಲ್ಲಿ ನಡೆದೆ. ಸಾಹೇಬರು ಕಿವಿಯಲ್ಲಿ ನನ್ನ ಹಳೇ ರೂಟಿನ ಸ್ಟಾಪುಗಳನ್ನ ಕೂಗ್ತಾ ಬಂದರು. "ಯಶವಂತಪುರ ಬಿಟ್ವಿ. ಮತ್ತೀಕೆರೆ ಬಂತು. ಹೆಬ್ಬಾಳ, ಸ್ವಲ್ಪ ಜಾಮ್ ಇದೆ, ನಿಧಾನ." ಕಾಲಡಿ ನುಣ್ಣಗಾಯ್ತು. ಗಾಜು! ಅವರ ಕೈ ಬಿಗಿಯಾಗಿ ಹಿಡ್ಕೊಂಡೆ. "ಕೊಡಿಗೇಹಳ್ಳಿ ಗೇಟ್. ಬ್ಯಾಟರಾಯನಪುರ. ಯಲಹಂಕ, ಲಾಸ್ಟ್ ಸ್ಟಾಪ್, ಇಳೀರಿ" ಅಂದರು. ಪೇಟ ಎತ್ತಿ ನೋಡಿದರೆ ಶಾಮಿಯಾನ.

ಮೈಕ್ ಕೊಟ್ಟರು. ಅಷ್ಟು ಜನರ ಮುಖ ನೋಡಿ ಸುಳ್ಳು ಹೇಳೋಕಾಗಲಿಲ್ಲ. "ನಾನು ವ್ಯಾಯಾಮದವನಲ್ಲ ಸ್ವಾಮಿ. ನನಗೆ ಈ ಸೇತುವೆ ಅಂದ್ರೆ ಭಯ. ಅದಕ್ಕೇ ಕೆರೆ ಸುತ್ತೋದು. ಬೇಕಾದ್ರೆ ಶಾಲು ವಾಪಸ್ ತಗೊಳ್ಳಿ" ಅಂದೆ.

ಶಾಮಿಯಾನವೇ ಹಾರಿಹೋಗೋ ಹಾಗೆ ನಕ್ಕರು. ಅಧ್ಯಕ್ಷರು ಕಣ್ಣೊರೆಸ್ಕೊಂಡು ಹೇಳಿದರು: "ಎಲ್ರಿಗೂ ಗೊತ್ತು ಕಣ್ರೀ! ನೀವು ಸೇತುವೆ ಮೇಲೆ ಬರ್ದೆ ಗೇಟಿಂದ್ಲೇ ವಿಶಲ್ ಊದ್ದಾಗ್ಲೇ ಸಾಹೇಬ್ರಿಗೆ ಗೊತ್ತಾಗಿತ್ತು. ಅಂಗಡೀಲಿ ಇದ್ದಿದ್ರಲ್ಲೇ ದೊಡ್ಡ ಪೇಟ ಹುಡುಕಿ ತಂದಿದ್ದು ಮತ್ಯಾಕೆ?"

ಮೂವತ್ತು ವರ್ಷ ಸಾವಿರಾರು ಜನರನ್ನ ಅವರವರ ಸ್ಟಾಪಿಗೆ ಮುಟ್ಟಿಸಿದ್ದೆ. ನನ್ನನ್ನ ಮುಟ್ಟಿಸೋಕೆ ಒಂದು ಸಂಘವೇ ಬಂತಲ್ಲ! ಸೂಪರ್‌ವೈಸರ್ ಎದ್ದು, "ನಾಳೆಯಿಂದ ಹಾಜರಿ ಪುಸ್ತಕ ಇವರ ಗೇಟಲ್ಲೇ ಇಡ್ತೀನಿ" ಅಂದರು. ಕೆಲಸ ಉಳೀತು! ಕೈ ಮುಗಿದೆ. ಅಷ್ಟರಲ್ಲಿ ಅಧ್ಯಕ್ಷರು ಎಗರಿ ಬಿದ್ದರು. "ಬೇಡ ಸಾರ್! ಇವ್ರು ಸುತ್ತೋದು ನಿಲ್ಸಿದ್ರೆ ನಮ್ ಶುಗರ್ ಗತಿ ಏನು?" ಪುಸ್ತಕ ಅಲ್ಲೇ ಉಳೀತು.

ಊಟ ಮುಗಿದು ಎಲ್ಲರೂ ಹೊರಡೋ ಹೊತ್ತಿಗೆ ಅಧ್ಯಕ್ಷರು ಮೆಲ್ಲಗೆ ಹತ್ತಿರ ಬಂದರು. "ಬೇಜಾರ್ ಮಾಡ್ಕೋಬೇಡಿ. ಶಾಲು ನಿಮ್ದೇ. ಆದ್ರೆ ಪೇಟ ಬಾಡಿಗೇದು, ವಾಪಸ್ ಕೊಡ್ಬೇಕು."

ಹಣ್ಣಿನ ಬುಟ್ಟಿ, ಹಾರ, ಶಾಲು ಎಲ್ಲ ಹೊತ್ತು ಮತ್ತೆ ಕೆರೆ ಸುತ್ತೋ ಶಕ್ತಿ ನನಗಿರಲಿಲ್ಲ. ಪೇಟವನ್ನ ಮೂಗಿನ ತನಕ ಎಳ್ಕೊಂಡು, ಸಾಹೇಬರ ಕಡೆ ಮೊಣಕೈ ಚಾಚಿ, ಡಬಲ್ ವಿಶಲ್ ಊದಿದೆ.

"ಕೊಡ್ತೀನಿ ಸಾರ್" ಅಂದೆ. "ನನ್ನ ಗೇಟ್ ತಲುಪಿದ ಮೇಲೆ."